ನಲವತ್ತು ಕಳೆದ ಮೇಲಿನ ಒಂದು ಪರೀಕ್ಷೆ

ಹೆರಿಗೆಯಾದ ಮೇಲೆ ದಿನ ಎಣಿಸುವುದನ್ನು ನಮ್ಮ ಮನೆಗಳಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಏಳನೇ ದಿನಕ್ಕೆ ಮಗುವಿನ ಕೂದಲು ತೆಗೆಯುವುದು, ಹೆಸರಿಡುವುದು, ಅಕೀಕ. ನಲವತ್ತಕ್ಕೆ ಬಾಣಂತಿಯ ಸ್ನಾನ, ಹೊಸ ಬಟ್ಟೆ, ನೆಂಟರಿಗೆ ಊಟ. ಒಂದೂವರೆ ತಿಂಗಳಾದರೆ ಮಗುವಿನ ಚುಚ್ಚುಮದ್ದು. ಇಷ್ಟೂ ಲೆಕ್ಕ ಉಮ್ಮನಿಗೆ, ಮಾಮಿಗೆ, ಪಕ್ಕದ ಮನೆಯವರಿಗೆ ಬಾಯಿಪಾಠ. ಆದರೆ ಬಸುರಿಯಾಗಿದ್ದಾಗ ಶುಗರ್ ಬಂದಿದ್ದವಳಿಗೆ ಹೆರಿಗೆಯಾಗಿ ಆರು ವಾರಕ್ಕೆ ಇನ್ನೊಂದು ರಕ್ತಪರೀಕ್ಷೆ ಉಂಟು ಅನ್ನುವುದನ್ನು ಲೆಕ್ಕ ಇಟ್ಟವರನ್ನು ನಮ್ಮ ಕಡೆ ನಾನು ಕಂಡದ್ದು ಕಡಿಮೆ. ಆರು ವಾರ ಅಂದರೆ ನಲವತ್ತೆರಡು ದಿನ. ನಲವತ್ತನ್ನು ಅಷ್ಟು ಜತನದಿಂದ ಎಣಿಸುವ ನಾವು ಇನ್ನೆರಡು ದಿನ ಜಾಸ್ತಿ ಎಣಿಸಿದರೆ ಸಾಕು.

ನನಗೆ ಶುಗರ್ ಇದೆ ಅಂತ ಗೊತ್ತಾದದ್ದು 2023ರ ಫೆಬ್ರವರಿಯಲ್ಲಿ, ಆರೂವರೆ ತಿಂಗಳಿನಲ್ಲಿ. ಅದು ನನ್ನ ಮೊದಲ ಬಸುರು. 75 ಗ್ರಾಂ ಗ್ಲೂಕೋಸ್ ನೀರಿನಲ್ಲಿ ಕಲಸಿ ಕುಡಿಸಿದರು, ಎರಡು ಗಂಟೆ ಕೂರಿಸಿ ರಕ್ತ ತೆಗೆದರು. ಖಾಲಿ ಹೊಟ್ಟೆಯಲ್ಲಿ ಹೋಗಬೇಕೆಂದೂ ಇರಲಿಲ್ಲ. ನಮ್ಮ ದೇಶದ ಸರಕಾರಿ ಮಾರ್ಗಸೂಚಿಯಲ್ಲಿರುವುದು ಈ ಕ್ರಮವೇ. ಚೆನ್ನೈಯ ಡಾ. ವಿ. ಶೇಷಯ್ಯ ಮತ್ತು ಅವರ ಜೊತೆಗಿದ್ದ ವೈದ್ಯರು ರೂಢಿಗೆ ತಂದದ್ದು. ಹಳ್ಳಿಯಿಂದ ಬರುವ ಬಸುರಿಗೆ ‘ನಾಳೆ ಉಪವಾಸ ಬನ್ನಿ’ ಅಂದರೆ ಅವಳು ಮತ್ತೆ ಬರುವುದಿಲ್ಲ ಅನ್ನುವುದು ಅವರಿಗೆ ಗೊತ್ತಿತ್ತು. ಅವರ ಹುಟ್ಟುಹಬ್ಬವಾದ ಮಾರ್ಚ್ 10ನ್ನು ಈಗ ಬಸುರಿಯರ ಮಧುಮೇಹದ ಜಾಗೃತಿ ದಿನವಾಗಿ ಆಚರಿಸುತ್ತಾರೆ. ಎರಡು ಗಂಟೆಯ ಲೆಕ್ಕ 140 ಅಥವಾ ಅದಕ್ಕಿಂತ ಮೇಲೆ ಬಂದರೆ ಶುಗರ್ ಇದೆ ಅಂತ ಅರ್ಥ. ನನ್ನದು 168.

ಮೊದಲ ಸಲ ಆಸ್ಪತ್ರೆಗೆ ಹೋದಾಗಲೂ ಇದೇ ಪರೀಕ್ಷೆ ಮಾಡಿದ್ದರು, ಆಗ ಏನೂ ಇರಲಿಲ್ಲ. ಅದಕ್ಕೇ 24ರಿಂದ 28ನೇ ವಾರದೊಳಗೆ ಮತ್ತೊಮ್ಮೆ ಮಾಡುವುದು. ‘ಮೊದಲೇ ನೋಡಿ ಆಗಿದೆಯಲ್ಲ, ಮತ್ತೆ ಯಾಕೆ ದುಡ್ಡು ದಂಡ’ ಅಂತ ಎರಡನೆಯದನ್ನು ಬಿಡುವವರು ತುಂಬಾ ಜನ. ಆದರೆ ಶುಗರ್ ಏರುವುದು ಹೆಚ್ಚಾಗಿ ಆ ಹೊತ್ತಿಗೇ. ಮಗುವಿನ ಮಾಸು ಬೆಳೆದ ಹಾಗೆ ಅದರಿಂದ ಹೊರಡುವ ಹಾರ್ಮೋನುಗಳು ತಾಯಿಯ ಇನ್ಸುಲಿನ್‌ನ ಕೆಲಸಕ್ಕೆ ಅಡ್ಡ ಬರುತ್ತವೆ. ಮಗುವಿಗೆ ಸಕ್ಕರೆ ಸಿಗಲಿ ಅಂತ ಶರೀರ ಮಾಡುವ ಏರ್ಪಾಡು ಅದು. ಹೆಚ್ಚಿನವರ ದೇಹ ಇನ್ನಷ್ಟು ಇನ್ಸುಲಿನ್ ಉತ್ಪಾದಿಸಿ ಸರಿದೂಗಿಸುತ್ತದೆ. ಕೆಲವರದ್ದಕ್ಕೆ ಆಗುವುದಿಲ್ಲ. ಅಂಥವರಿಗೆ ಶುಗರ್ ಏರುತ್ತದೆ.

ಇದನ್ನು ಮನೆಯಲ್ಲಿ ಹೇಳಿದಾಗ ಮಾಮಿ, ‘ನಮ್ಮ ಕುಟುಂಬದಲ್ಲಿ ಹೆರಿಗೆಗೆ ಶುಗರ್ ಬಂದವರು ಯಾರೂ ಇಲ್ಲ’ ಅಂದರು. ಬೈದದ್ದಲ್ಲ, ಆಶ್ಚರ್ಯದಿಂದಲೇ ಅಂದದ್ದು. ಆದರೂ ಆ ಮಾತಿಗೆ ಒಂದು ಮೊನೆ ಇರುತ್ತದೆ, ಸೊಸೆಯಂದಿರಿಗೆ ಗೊತ್ತು. ಏಳನೇ ತಿಂಗಳಿಗೆ ತವರಿನಿಂದ ಬಂದ ತಿಂಡಿ ಡಬ್ಬ ಬಿಚ್ಚುವಾಗ ಯಾರೋ ಒಬ್ಬರು, ‘ಕಲ್ತಪ್ಪ ತಿಂದು ತಿಂದು ಬಂದದ್ದು’ ಅಂತ ನಕ್ಕರು. ಕಲ್ತಪ್ಪದಿಂದ ಶುಗರ್ ಬರುವುದಾದರೆ ನಮ್ಮ ಊರಿನಲ್ಲಿ ಒಬ್ಬರೂ ಉಳಿಯಲಿಕ್ಕಿಲ್ಲ. ನಾನು ಮಾಮಿಗೆ ಹೇಳಿದೆ, ‘ಬಂದವರು ಇಲ್ಲ ಅಂತಲ್ಲ ಮಾಮಿ, ನೋಡಿದವರು ಇಲ್ಲ.’

ಹಾಗೆ ಹೇಳಲು ನನಗೆ ಕಾರಣ ಇತ್ತು. ನನ್ನ ಕಿರಿಯ ತಮ್ಮ ಹುಟ್ಟಿದ್ದು 1999ರಲ್ಲಿ, ನಾಲ್ಕು ಕಿಲೋಕ್ಕಿಂತ ಮೇಲೆ. ‘ಆನೆಮರಿ’ ಅಂತ ಊರಿಡೀ ಹೊಗಳಿಕೆ. ಉಮ್ಮನಿಗೆ ಈಗಲೂ ಅದನ್ನು ಹೇಳುವುದೆಂದರೆ ಖುಷಿ. ಆ ಬಸುರಿನಲ್ಲಿ ಉಮ್ಮನಿಗೆ ರಾತ್ರಿಯಿಡೀ ಬಾಯಾರಿಕೆ, ವಿಪರೀತ ಮೂತ್ರ. ‘ಮಗು ದೊಡ್ಡದಿದ್ದದ್ದಕ್ಕೆ’ ಅಂದರಂತೆ. ಯಾರೂ ರಕ್ತ ನೋಡಲಿಲ್ಲ. ಹೆರಿಗೆ ಕಳೆದ ಮೇಲೂ ನೋಡಲಿಲ್ಲ. ಒಂಬತ್ತು ವರ್ಷದ ನಂತರ ಕಾಲಿನ ಬೆರಳಿಗೆ ಆದ ಗಾಯ ಎರಡು ತಿಂಗಳಾದರೂ ಒಣಗದಿದ್ದಾಗ ಪರೀಕ್ಷೆ ಮಾಡಿದರು. ಶುಗರ್ 300 ದಾಟಿತ್ತು. ಬೆರಳು ಉಳಿಯಲಿಲ್ಲ. ಈಗ ಕಣ್ಣಿಗೆ ಎರಡು ಸಲ ಲೇಸರ್ ಆಗಿದೆ. ತಮ್ಮನ ಬಸುರಿನಲ್ಲಿ ಉಮ್ಮನಿಗೆ ಶುಗರ್ ಇತ್ತು ಅಂತ ಈಗ ರುಜು ಮಾಡಲು ಆಗುವುದಿಲ್ಲ. ನನ್ನ ಡಾಕ್ಟರ್ ಮಾತ್ರ ಈ ಕಥೆ ಕೇಳಿ ಪೆನ್ನು ಕೆಳಗಿಟ್ಟು, ‘ನಿಮ್ಮ ತಾಯಿಗೆ ಆಗ ಒಂದು ಗ್ಲೂಕೋಸ್ ನೀರು ಕೊಡಬೇಕಿತ್ತು’ ಅಂದರು.

ಮೊದಲ ಎರಡು ವಾರ ಔಷಧ ಇಲ್ಲ, ಊಟದ ಕ್ರಮ ಮತ್ತು ದಿನಕ್ಕೆ ಅರ್ಧ ಗಂಟೆ ನಡಿಗೆ ಮಾತ್ರ. ಊಟದ ಕ್ರಮ ಅಂತ ನನ್ನ ಕೈಗೆ ಎರಡು ಚೀಟಿ ಬಂದವು. ಗಡಿನಾಡಿನಲ್ಲಿರುವವರ ಪಾಡು ಇದು. ಊರಿನ ಸರಕಾರಿ ಆರೋಗ್ಯ ಕೇಂದ್ರದ ಚೀಟಿ ಮಲಯಾಳದಲ್ಲಿತ್ತು. ಅದರಲ್ಲಿ ಪುಟ್ಟು, ಕಡಲೆ, ಕಪ್ಪ. ಮಂಗಳೂರಿನಲ್ಲಿ ತೋರಿಸಿದ ಡಾಕ್ಟರದ್ದು ಇಂಗ್ಲಿಷಿನಲ್ಲಿ. ಅದರಲ್ಲಿ ಓಟ್ಸ್, ಚಪಾತಿ, ಮೊಳಕೆ ಕಾಳು, ಪನೀರ್. ನಾನು ಓದಿದ್ದು ಕನ್ನಡ ಶಾಲೆಯಲ್ಲಿ, ಮಲಯಾಳ ಮಾತಾಡಿದರೆ ತಿಳಿಯುತ್ತದೆ, ಅಕ್ಷರ ಕೂಡಿಸಿ ಕೂಡಿಸಿ ಓದಬೇಕು. ಇರಲಿ, ಓದಿಕೊಂಡರೂ ಪ್ರಯೋಜನ ಇರಲಿಲ್ಲ. ಪತ್ತಿರ್ ಎಷ್ಟು ತಿನ್ನಬಹುದು, ಪಿಂಡಿ ತಿನ್ನಬಹುದಾ, ಮದುವೆ ಮನೆಯ ನೈಚೋರಿಗೆ ಏನು ಮಾಡುವುದು, ಎರಡೂ ಚೀಟಿಯಲ್ಲಿ ಇಲ್ಲ. ಚೀಟಿಯಲ್ಲಿ ತನ್ನ ಅಡುಗೆ ಕಾಣದಿದ್ದರೆ ಹೆಂಗಸರು ಎರಡರಲ್ಲಿ ಒಂದು ಮಾಡುತ್ತಾರೆ. ಒಂದೋ ಚೀಟಿಯನ್ನು ಬಿಸಾಡುತ್ತಾರೆ, ಇಲ್ಲವೋ ಹೆದರಿ ಊಟವನ್ನೇ ಬಿಡುತ್ತಾರೆ. ಬಸುರಿಯಲ್ಲಿ ಊಟ ಬಿಡುವುದು ಇನ್ನೂ ಕೆಟ್ಟದ್ದು.

ಹಾಗಾಗಿ ನಾನು ಒಂದು ಗ್ಲೂಕೋಮೀಟರ್ ತರಿಸಿಕೊಂಡೆ. ಬರೆಯುವುದಕ್ಕೆ ಒಂದು ಹಳೆಯ ಮದ್ರಸ ನೋಟ್‌ಬುಕ್ಕು. ತಿಂದದ್ದು, ಎಷ್ಟು ತಿಂದದ್ದು, ಊಟಕ್ಕೆ ಕೂತ ಹೊತ್ತಿನಿಂದ ಎರಡು ಗಂಟೆ ಕಳೆದ ಮೇಲಿನ ಶುಗರ್. ಅದು 120ರ ಒಳಗಿರಬೇಕು. ಬೆಳಿಗ್ಗೆ ಖಾಲಿ ಹೊಟ್ಟೆಯದ್ದು 95ರ ಒಳಗೆ. ಆ ಪುಸ್ತಕ ಈಗಲೂ ಉಂಟು, ಅದರಿಂದಲೇ ಬರೆಯುತ್ತಿದ್ದೇನೆ.

ನಾಲ್ಕು ನೀರುದೋಸೆ, ತೆಂಗಿನಕಾಯಿ ಬೆಲ್ಲ: 171. ಅದೇ ನೀರುದೋಸೆ ಎರಡು, ಮೊಟ್ಟೆ ಮತ್ತು ಅಲಸಂಡೆ ಪಲ್ಯದ ಜೊತೆ: 126. ಪತ್ತಿರ್ ಮೂರು, ಕೋಳಿ ಸಾರು: 158. ಪತ್ತಿರ್ ಎರಡು, ಅದೇ ಸಾರಿನ ತುಂಡು ಜಾಸ್ತಿ, ಸೌತೆಕಾಯಿ ಮೊದಲು ತಿಂದು: 119. ಕೋಳಿಯಲ್ಲಿ, ಮೀನಿನಲ್ಲಿ, ಮೊಟ್ಟೆಯಲ್ಲಿ ಶುಗರ್ ಏರಿಸುವಂಥದ್ದು ಏನೂ ಇಲ್ಲ, ಏರಿಸುವುದು ಅಕ್ಕಿ. ನಮ್ಮ ಅಡುಗೆಯಲ್ಲಿ ಅಕ್ಕಿ ಎಷ್ಟು ವೇಷದಲ್ಲಿ ಬರುತ್ತದೆ ಅನ್ನುವುದು ನನಗೆ ಆ ಪುಸ್ತಕ ಬರೆಯುವಾಗಲೇ ಕಣ್ಣಿಗೆ ಬಿದ್ದದ್ದು. ದೋಸೆ, ಪತ್ತಿರ್, ಪಿಂಡಿ, ಸೇಮಿಗೆ, ಗಂಜಿ, ಚೋರು. ಬೆಳಿಗ್ಗೆಯಿಂದ ರಾತ್ರಿಯವರೆಗೆ ಹೆಸರು ಬದಲಾಗುತ್ತದೆ, ಅಕ್ಕಿ ಅಕ್ಕಿಯೇ.

ಪಿಂಡಿಯದ್ದು ದೊಡ್ಡ ಕಷ್ಟ. ಮಸಾಲೆಯಲ್ಲಿ ಮುಳುಗಿರುವ ಸಣ್ಣ ಉಂಡೆಗಳನ್ನು ಎಣಿಸಿ ತಿನ್ನುವವರು ಯಾರು? ಎಣಿಸಿ ಹತ್ತು ತಿಂದ ದಿನ 149. ಆರಕ್ಕೆ ನಿಲ್ಲಿಸಿದರೆ, ಮಾಂಸದ ತುಂಡು ನಾಲ್ಕು ಹಾಕಿಕೊಂಡರೆ, ಸರಿಹೋಗುತ್ತಿತ್ತು. ಕುಚ್ಚಲಕ್ಕಿ ಚೋರು ಒಂದು ಕಪ್ಪು, ಬಂಗುಡೆ ಸಾರು, ಹರಿವೆ ಪಲ್ಯ: 121. ಬಿಳಿ ಅಕ್ಕಿಗಿಂತ ಕುಚ್ಚಲಕ್ಕಿ ವಾಸಿ ಅನ್ನುವುದು ನಿಜ, ಆದರೆ ‘ಕುಚ್ಚಲಕ್ಕಿ ಅಲ್ವಾ’ ಅಂತ ಬಟ್ಟಲು ತುಂಬಾ ಬಡಿಸಿಕೊಂಡರೆ ಅದೂ ಕೈಕೊಡುತ್ತದೆ. ನನಗೆ ಆಶ್ಚರ್ಯ ಆದದ್ದು ಗಂಜಿ. ಹಗುರ, ತಂಪು, ಬಸುರಿಗೆ ಒಳ್ಳೆಯದು ಅಂತ ಎಲ್ಲರೂ ಕೊಡುತ್ತಾರೆ. ಎರಡು ಬಟ್ಟಲು ಗಂಜಿ, ಉಪ್ಪಿನಕಾಯಿ: 163. ಒಂದು ಬಟ್ಟಲು ಗಂಜಿಗೆ ಹೆಸರುಕಾಳಿನ ಪಲ್ಯ, ಎರಡು ಬೂತಾಯಿ ಫ್ರೈ ಸೇರಿಸಿದರೆ 124. ರಾಗಿ ಒಳ್ಳೆಯದು ಅಂತ ನಾದಿನಿ ಮಾಡಿಕೊಟ್ಟ ನಯವಾದ ರಾಗಿ ಗಂಜಿ, ಬೆಲ್ಲ ಹಾಕದೆಯೂ, 155. ಸಕ್ಕರೆ ಬಿಟ್ಟು ಓಲೆಬೆಲ್ಲ ಹಾಕಿದ ಚಾಯ ಕುಡಿಯಿರಿ ಅಂದವರೂ ಇದ್ದರು. ಮೀಟರಿಗೆ ಬೆಲ್ಲ ಬೇರೆ, ಸಕ್ಕರೆ ಬೇರೆ ಅಂತ ಇಲ್ಲ.

ಬೆಳಗಿನ ತಿಂಡಿಗೆ ಶುಗರ್ ಜಾಸ್ತಿ ಏರುವುದು ನನಗೆ ಮಾತ್ರ ಅಲ್ಲ, ಬಸುರಿಯರಲ್ಲಿ ಬೆಳಿಗ್ಗೆ ಇನ್ಸುಲಿನ್‌ಗೆ ಇದಿರು ಒತ್ತಡ ಹೆಚ್ಚು ಅಂತ ಡಾಕ್ಟರ್ ಹೇಳಿದರು. ಆದ್ದರಿಂದ ಬೆಳಿಗ್ಗೆಯ ಅಕ್ಕಿಯನ್ನು ಕಡಿಮೆ ಮಾಡಿ ಹತ್ತೂವರೆಗೆ ಇನ್ನೊಂದು ಸಣ್ಣ ತಿಂಡಿ. ಮೂರು ದೊಡ್ಡ ಊಟದ ಬದಲು ಮೂರು ಸಣ್ಣ ಊಟ, ಮೂರು ಚಿಲ್ಲರೆ. ಮಲಗುವ ಮೊದಲು ಒಂದು ಹಿಡಿ ನೆಲಗಡಲೆ, ಒಂದು ಲೋಟ ಸಪ್ಪೆ ಹಾಲು. ಒಂದು ಸ್ಟ್ರಿಪ್ಪಿಗೆ ಸುಮಾರು 20 ರೂಪಾಯಿ. ದಿನಕ್ಕೆ ನಾಲ್ಕು ಸಲ ಚುಚ್ಚಿದರೆ ಕೆಲವರಿಗೆ ಅದು ಸಣ್ಣ ಮೊತ್ತವಲ್ಲ. ಆದರೆ ಒಂದೊಂದು ತಿಂಡಿಯನ್ನು ಎರಡು ಸಲ ನೋಡಿದರೆ ಸಾಕು, ಆಮೇಲೆ ಅಂದಾಜು ಸಿಗುತ್ತದೆ.

ಎರಡು ವಾರ ಕಳೆದರೂ ನನ್ನ ಬೆಳಗಿನ ಲೆಕ್ಕ ಬಗ್ಗಲಿಲ್ಲ. ಖಾಲಿ ಹೊಟ್ಟೆಯದ್ದು 104, 107. ಡಾಕ್ಟರ್ ಇನ್ಸುಲಿನ್ ಅಂದರು. ಕೆಲವರಿಗೆ ಮೆಟ್‌ಫಾರ್ಮಿನ್ ಮಾತ್ರೆಯೂ ಕೊಡುತ್ತಾರೆ, ನನಗೆ ಇನ್ಸುಲಿನ್ನೇ ಸರಿ ಅಂತ ಅವರ ತೀರ್ಮಾನ.

ಮನೆಯಲ್ಲಿ ಮೂರು ಹೆದರಿಕೆ ಎದ್ದವು. ಉಮ್ಮನದ್ದು ಮೊದಲನೆಯದು, ಇನ್ಸುಲಿನ್ ಅಂದರೆ ಕೊನೆಯ ಹಂತ, ಒಮ್ಮೆ ಹಿಡಿದರೆ ಬಿಡುವುದಿಲ್ಲ ಅಂತ. ಉಮ್ಮ ಅದನ್ನು ತನ್ನ ಶರೀರದಲ್ಲೇ ನೋಡಿದವರು, ಅವರನ್ನು ತಪ್ಪು ಅನ್ನುವ ಹಾಗಿಲ್ಲ. ಬಸುರಿನಲ್ಲಿ ಬಂದ ಶುಗರಿನ ವಿಷಯ ಬೇರೆ. ಮಾಸು ಹೊರಬಿದ್ದ ಮೇಲೆ ಅಡ್ಡಿ ಮಾಡುತ್ತಿದ್ದ ಹಾರ್ಮೋನುಗಳೇ ಇಲ್ಲ, ಹೆಚ್ಚಿನವರಿಗೆ ಹೆರಿಗೆಯ ದಿನವೇ ಇನ್ಸುಲಿನ್ ನಿಲ್ಲಿಸುತ್ತಾರೆ. ಎರಡನೆಯದು ಹೊಟ್ಟೆಗೆ ಚುಚ್ಚುವುದು. ಮಗುವಿಗೆ ತಾಗಿದರೆ? ಪೆನ್ನಿನ ಸೂಜಿಯ ಉದ್ದ 4 ಮಿಲಿಮೀಟರ್. ನಾನು ಸ್ಕೇಲಿನಲ್ಲಿ ತೋರಿಸಿದೆ. ಅದು ಚರ್ಮದ ಕೆಳಗಿನ ಕೊಬ್ಬಿನವರೆಗೆ ಹೋಗುತ್ತದೆ, ಅಷ್ಟೇ. ಆದರೂ ಉಮ್ಮ ನೋಡಲಾರದೆ ಒಳಗೆ ಹೋಗುತ್ತಿದ್ದರು, ಕೊನೆಗೆ ನಾನು ತೊಡೆಗೆ ಚುಚ್ಚಿಕೊಂಡೆ. ತಾಯಿಗೆ ಕೊಟ್ಟ ಇನ್ಸುಲಿನ್ ಮಾಸು ದಾಟಿ ಮಗುವಿಗೆ ಹೋಗುವುದಿಲ್ಲ, ದಾಟುವುದು ಸಕ್ಕರೆ. ಈ ಮಾತನ್ನು ನಾನು ಎಷ್ಟು ಜನರಿಗೆ ಹೇಳಿದೆನೋ ಲೆಕ್ಕವಿಲ್ಲ.

ಮೂರನೆಯದನ್ನು ಯಾರೂ ಜೋರಾಗಿ ಕೇಳಲಿಲ್ಲ. ಅಡುಗೆಮನೆಯಲ್ಲಿ ಮೆಲ್ಲಗೆ, ‘ಅದು ಹಂದಿಯದ್ದಂತೆ, ಹೌದಾ?’ ಅಂದರು. ಒಂದು ಕಾಲದಲ್ಲಿ ಹೌದು. 1922ರಲ್ಲಿ ಟೊರೊಂಟೊದಲ್ಲಿ ಮೊದಲ ಬಾರಿ ಒಬ್ಬ ಹುಡುಗನಿಗೆ ಇನ್ಸುಲಿನ್ ಕೊಟ್ಟ ಮೇಲೆ ಅರುವತ್ತು ವರ್ಷ ಅದನ್ನು ದನ ಮತ್ತು ಹಂದಿಯ ಮೇದೋಜೀರಕ ಗ್ರಂಥಿಯಿಂದಲೇ ತೆಗೆಯುತ್ತಿದ್ದರು. 1982ರಿಂದ ಬ್ಯಾಕ್ಟೀರಿಯಾದೊಳಗೆ ಮನುಷ್ಯರ ಇನ್ಸುಲಿನ್ನಿನ ಜೀನ್ ಸೇರಿಸಿ ಮಾಡುವ ಇನ್ಸುಲಿನ್ ಮಾರುಕಟ್ಟೆಗೆ ಬಂತು. ಈಗ ನಮಗೆ ಸಿಗುವುದು ಹಾಗೆ ಬ್ಯಾಕ್ಟೀರಿಯಾದಲ್ಲಿ ಅಥವಾ ಯೀಸ್ಟಿನಲ್ಲಿ ಮಾಡಿದ್ದು. ನಾನು ಡಬ್ಬದ ಮೇಲಿನ ಅಕ್ಷರವನ್ನೇ ಮಾಮಿಗೆ ಓದಿ ಹೇಳಿದೆ. ‘ಮೊದಲೇ ಹೇಳಿದ್ರೆ ಆಗ್ತಿತ್ತಲ್ವಾ’ ಅಂದರು, ನಾವೇ ಮುಚ್ಚಿಟ್ಟಿದ್ದ ಹಾಗೆ! ಅವತ್ತಿನಿಂದ ಫ್ರಿಜ್ಜಿನ ಬಾಗಿಲಿನಲ್ಲಿ ಇನ್ಸುಲಿನ್ನಿಗೆ ಜಾಗ ಮಾಡಿಕೊಟ್ಟವರು ಅವರೇ. ಫ್ರೀಜರಿನಲ್ಲಿ ಇಡಬಾರದು, ಹೆಪ್ಪುಗಟ್ಟಿದರೆ ಹಾಳು. ಫ್ರಿಜ್ ಇಲ್ಲದ ಮನೆಯಲ್ಲಿ ಮಣ್ಣಿನ ಮಡಕೆಯ ನೀರಿನ ತಂಪಿನಲ್ಲಿ ಇಡಬಹುದು.

ಒಂದು ಸಲ ಮಾತ್ರ ಶುಗರ್ ಇಳಿಯಿತು. ಊಟ ತಡವಾಗಿತ್ತು, ಕೈ ನಡುಗಿ ಬೆವರು ಬಂತು, ಮೀಟರ್ 62 ತೋರಿಸಿತು. ಮೂರು ಚಮಚ ಗ್ಲೂಕೋಸ್ ನೀರಿಗೆ ಹಾಕಿ ಕುಡಿದೆ, ಸರಿಯಾಯಿತು. 70ಕ್ಕಿಂತ ಕೆಳಗಿಳಿದರೆ ಹಾಗೆ ಮಾಡಬೇಕು ಅಂತ ಮನೆಯಲ್ಲಿ ಎಲ್ಲರಿಗೂ ಮೊದಲೇ ಹೇಳಿಟ್ಟದ್ದು ಒಳ್ಳೆಯದಾಯಿತು.

ಆ ವರ್ಷ ರಂಝಾನ್ ಮಾರ್ಚ್ ಕೊನೆಯ ವಾರ ಶುರುವಾಯಿತು, ನನಗೆ ಎಂಟನೇ ತಿಂಗಳು. ಉಪವಾಸ ಬಿಡುವುದು ಡಾಕ್ಟರಿಗೆ ಸುಲಭದ ಮಾತು, ನಮಗೆ ಅಲ್ಲ. ಮನೆಯಿಡೀ ಅತ್ತಾಳಕ್ಕೆ ಎದ್ದಿರುವಾಗ ಮಲಗಿರುವುದು, ಮಧ್ಯಾಹ್ನ ಒಬ್ಬಳೇ ಅಡುಗೆಮನೆಯ ಮೂಲೆಯಲ್ಲಿ ತಿನ್ನುವುದು, ಅದರ ಸಂಕಟ ಅನುಭವಿಸಿದವರಿಗೆ ಗೊತ್ತು. ಕೆಲವರು ಯಾರಿಗೂ ಹೇಳದೆ ಉಪವಾಸ ಹಿಡಿದು ಇನ್ಸುಲಿನ್ ಬಿಟ್ಟುಬಿಡುತ್ತಾರೆ. ಗಂಡ ದಮ್ಮಾಮಿನಿಂದ ಊರಿನ ಉಸ್ತಾದರಿಗೆ ಫೋನ್ ಮಾಡಿದರು. ಬಸುರಿಗೂ ಹಾಲೂಡಿಸುವವಳಿಗೂ ರಿಯಾಯಿತಿ ಇದೆ ಅನ್ನುವುದು ನಮಗೆಲ್ಲ ಗೊತ್ತಿದ್ದದ್ದೇ. ಉಸ್ತಾದರು ಇನ್ನೂ ಬಿಡಿಸಿ ಹೇಳಿದರು. ನಮ್ಮ ಶಾಫಿಈ ಮದ್ಹಬಿನಲ್ಲಿ ಅವಳು ತನ್ನ ಆರೋಗ್ಯಕ್ಕೆ ಹೆದರಿ ಬಿಟ್ಟದ್ದಾದರೆ ಆಮೇಲೆ ಕಳಾ ಹಿಡಿದರೆ ಸಾಕು. ಮಗುವಿನ ಮೇಲಿನ ಭಯ ಒಂದಕ್ಕೇ ಬಿಟ್ಟದ್ದಾದರೆ ಕಳಾದ ಜೊತೆ ದಿನಕ್ಕೆ ಒಂದು ಮುದ್ದ್ ಧಾನ್ಯವೂ ಕೊಡಬೇಕು. ಕೊನೆಗೆ ಅವರು ಅಂದದ್ದು, ‘ಡಾಕ್ಟರ್ ಬೇಡ ಅಂದ ಮೇಲೆ ಹಟ ಮಾಡುವುದು ಇಬಾದತ್ ಅಲ್ಲ ಅಂತ ಹೇಳಿ ಅವಳಿಗೆ.’ ಫೋನ್ ಸ್ಪೀಕರಿನಲ್ಲಿತ್ತು. ಮಾಮಿಯೂ ಕೇಳಿದರು. ಮರುದಿನ ಮಧ್ಯಾಹ್ನ ನನ್ನ ತಟ್ಟೆಯನ್ನು ಮೂಲೆಯಿಂದ ಎತ್ತಿ ಮೇಜಿನ ಮೇಲೆ ಇಟ್ಟರು.

ಮಗಳು ಹುಟ್ಟಿದ್ದು ಮೇ ಎರಡನೇ ವಾರ, 39ನೇ ವಾರಕ್ಕೆ, 3.2 ಕಿಲೋ. ಮಂಗಳೂರಿನಲ್ಲಿ, ಸಾದಾ ಹೆರಿಗೆ. ತಾಯಿಗೆ ಶುಗರ್ ಇದ್ದರೆ ಹೊಟ್ಟೆಯೊಳಗೆ ಮಗುವೂ ಜಾಸ್ತಿ ಇನ್ಸುಲಿನ್ ಮಾಡಿ ರೂಢಿಯಾಗಿರುತ್ತದೆ. ಹೊಕ್ಕುಳಬಳ್ಳಿ ಕತ್ತರಿಸಿದ ಕೂಡಲೇ ತಾಯಿಯ ಸಕ್ಕರೆ ನಿಲ್ಲುತ್ತದೆ, ಮಗುವಿನ ಇನ್ಸುಲಿನ್ ನಿಲ್ಲುವುದಿಲ್ಲ. ಆಗ ಮಗುವಿನ ಶುಗರ್ ಇಳಿಯಬಹುದು. ಅದಕ್ಕೆ ಹಿಮ್ಮಡಿ ಚುಚ್ಚಿ ನೋಡುತ್ತಾರೆ. ಮಗಳದ್ದು ಮೊದಲು 43. 45ಕ್ಕಿಂತ ಕೆಳಗಿದ್ದರೆ ಕಡಿಮೆ ಅಂತ ಲೆಕ್ಕ. ಮದ್ದು ಏನೂ ಕೊಡಲಿಲ್ಲ, ನರ್ಸ್ ಮಗುವನ್ನು ನನ್ನ ಎದೆಗೆ ಹಾಕಿ ಹಾಲು ಕುಡಿಸಿದರು. ಮುಂದಿನ ಸಲ 58.

ಅಷ್ಟರಲ್ಲಿ ಹೊರಗೆ ಜೇನಿನ ಬಾಟಲಿ ಬಂದಿತ್ತು. ಹುಟ್ಟಿದ ಕೂಡಲೇ ಜೇನು ನೆಕ್ಕಿಸುವ ರೂಢಿ ನಮ್ಮಲ್ಲಿ ಉಂಟು. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಬಾರದು, ಅದರಲ್ಲಿರಬಹುದಾದ ಒಂದು ರೋಗಾಣುವನ್ನು ಎಳೆಯ ಕರುಳು ತಡೆಯುವುದಿಲ್ಲ. ಬಾಟಲಿ ಹಾಗೇ ಹಿಂದೆ ಹೋಯಿತು. ತಹ್ನೀಕ್ ಬಿಡುವ ಪ್ರಶ್ನೆ ಇರಲಿಲ್ಲ, ಅದು ಸುನ್ನತ್. ನನ್ನ ಉಪ್ಪ ಮೊದಲ ಹಾಲು ಕುಡಿದು ಆಗುವವರೆಗೆ ಕಾದರು. ಆಮೇಲೆ ಕೈ ತೊಳೆದು, ಮೆತ್ತಗಾದ ಖರ್ಜೂರಕ್ಕೆ ಬೆರಳ ತುದಿ ಮುಟ್ಟಿಸಿ, ಮಗುವಿನ ಅಂಗುಳಿಗೆ ಸವರಿದರು, ಕಣ್ಣಿಗೂ ಕಾಣದಷ್ಟು. ನರ್ಸ್ ನೋಡುತ್ತಿದ್ದರು, ಏನೂ ಅನ್ನಲಿಲ್ಲ.

ಅವತ್ತೇ ನನ್ನ ಇನ್ಸುಲಿನ್ ನಿಲ್ಲಿಸಿದರು. ‘ಹೋಯ್ತಲ್ಲ ಶುಗರ್, ಅಲ್ಹಂದುಲಿಲ್ಲಾ’ ಅಂದರು ಎಲ್ಲರೂ. ಮನೆಗೆ ಬರುವಾಗ ಮೆಂತೆ, ಬೆಲ್ಲ, ತುಪ್ಪ, ತೆಂಗಿನ ಹಾಲು ಹಾಕಿ ಕಾಸಿದ ಲೇಹ್ಯ ಎರಡು ಭರಣಿ ತಯಾರಿತ್ತು. ಉಮ್ಮಾಮ ಎಂಬತ್ತರ ವಯಸ್ಸಿನಲ್ಲಿ ಒಲೆಯ ಮುಂದೆ ಕೂತು ತಿರುವಿದ್ದು. ಬಾಣಂತನದ ಊಟದ ಮೇಲೆ ನನಗೆ ಸಿಟ್ಟಿಲ್ಲ. ಹೆತ್ತವಳಿಗೆ ನಲವತ್ತು ದಿನ ಕೂತಲ್ಲಿಗೆ ಊಟ, ಎಣ್ಣೆ, ಬಿಸಿನೀರು, ನಿದ್ದೆ ಸಿಗುವುದು ಸಣ್ಣ ಭಾಗ್ಯ ಅಲ್ಲ. ಆದರೆ ಮೂರು ತಿಂಗಳು ಅಕ್ಕಿಯನ್ನು ಎಣಿಸಿ ತಿಂದವಳಿಗೆ ಮರುದಿನದಿಂದಲೇ ದಿನಕ್ಕೆ ಎರಡು ಚಮಚ ಬೆಲ್ಲದ ಲೇಹ್ಯ, ಮೇಲೆ ಸಿಹಿ ಹಾಲು, ಮೇಲೆ ಮೆಂತೆ ಪಾಯಸ ಅಂದರೆ ಯೋಚಿಸಬೇಕು. ಮತ್ತು ಆ ನಲವತ್ತು ದಿನ ನಡೆಯಲೂ ಬಿಡುವುದಿಲ್ಲ.

ಉಮ್ಮಾಮನ ಕೈಯದ್ದನ್ನು ಬೇಡ ಅನ್ನುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಮಧ್ಯಾಹ್ನದ ಊಟದ ಮೇಲೆ ಅರ್ಧ ಚಮಚ ತಿಂದೆ, ಉಳಿದದ್ದು ಬಂದ ನೆಂಟರಿಗೆ ಹೋಯಿತು. ಮೆಂತೆ ಪಾಯಸವನ್ನು ಬೆಲ್ಲ ಬಿಟ್ಟು, ಬೆಳ್ಳುಳ್ಳಿ ಜೀರಿಗೆ ಹಾಕಿ ಗಂಜಿ ಮಾಡಿಸಿಕೊಂಡೆ. ಕೋಳಿ ಸಾರು, ಮೊಟ್ಟೆ, ಮೀನು ಧಾರಾಳ. ‘ಹಾಲು ಬರಲು ಸಿಹಿ ತಿನ್ನಬೇಕು’ ಅಂದದ್ದಕ್ಕೆ ಮಗಳ ತೂಕವೇ ಉತ್ತರ ಕೊಟ್ಟಿತು. ಹಾಲೂಡಿಸುವುದರಿಂದ ತಾಯಿಗೂ ಲಾಭ ಉಂಟು, ಮುಂದೆ ಶುಗರ್ ಬರುವ ಸಾಧ್ಯತೆ ಅದರಿಂದ ಕಡಿಮೆಯಾಗುತ್ತದೆ.

ಇನ್ನು ಆ ಪರೀಕ್ಷೆಯ ವಿಷಯ. ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯ ಕೊನೆಯ ಸಾಲಿನಲ್ಲಿ ಇಂಗ್ಲಿಷಿನಲ್ಲಿ ಅರ್ಧ ಗೆರೆ ಬರೆದಿತ್ತು. ಬಾಯಲ್ಲಿ ಯಾರೂ ಹೇಳಲಿಲ್ಲ. ಮಗುವಿನ ಚುಚ್ಚುಮದ್ದಿನ ದಿನಾಂಕವನ್ನು ಮೂವರು ಮೂರು ಸಲ ಹೇಳಿದ್ದರು. ಆದರೆ ಇವೆರಡೂ ಬೀಳುವುದು ಒಂದೇ ಹೊತ್ತಿಗೆ. ಮಗುವಿನ ಒಂದೂವರೆ ತಿಂಗಳ ಚುಚ್ಚುಮದ್ದು, ತಾಯಿಯ ಆರು ವಾರದ ಗ್ಲೂಕೋಸ್ ನೀರು. ಬಾಣಂತಿ ನಲವತ್ತು ಕಳೆಯದೆ ಹೊರಗೆ ಹೋಗಬಾರದು ಅನ್ನುವವರೂ ಮಗುವಿನ ಚುಚ್ಚುಮದ್ದಿಗೆ ಬೇಡ ಅನ್ನುವುದಿಲ್ಲ, ಅಷ್ಟರಲ್ಲಿ ನಲವತ್ತೂ ಕಳೆದಿರುತ್ತದೆ.

ನಾನು ಜೂನ್ ಕೊನೆಯ ಬುಧವಾರ ಹೋದೆ. ಮರುದಿನ ಬಕ್ರೀದ್, ಸುರಿಯುವ ಮಳೆ. ಈ ಸಲ ಖಾಲಿ ಹೊಟ್ಟೆಯಲ್ಲಿ ಹೋಗಬೇಕು, ಮೊದಲು ಒಂದು ಸಲ ರಕ್ತ ತೆಗೆದು, ಗ್ಲೂಕೋಸ್ ಕುಡಿಸಿ, ಎರಡು ಗಂಟೆಯ ಮೇಲೆ ಇನ್ನೊಮ್ಮೆ. ಆ ಎರಡು ಗಂಟೆಯೊಳಗೆ ಮಗಳ ಚುಚ್ಚುಮದ್ದು ಆಯಿತು, ಅವಳ ಅಳು ಮುಗಿಯಿತು, ಹಾಲು ಕುಡಿದು ನಿದ್ದೆಯೂ ಆಯಿತು. ನನ್ನ ಲೆಕ್ಕ ಖಾಲಿ ಹೊಟ್ಟೆಯಲ್ಲಿ 98, ಎರಡು ಗಂಟೆಗೆ 152.

ಬಸುರಿಯಲ್ಲದವರಿಗೆ ಅಳತೆ ಬೇರೆ. ಎರಡು ಗಂಟೆಯದ್ದು 140ರ ಒಳಗಿದ್ದರೆ ಸರಿ. 200 ಮುಟ್ಟಿದರೆ, ಅಥವಾ ಖಾಲಿ ಹೊಟ್ಟೆಯದ್ದು 126 ಆದರೆ, ಮಧುಮೇಹ. ನನ್ನದು ನಡುವಿನಲ್ಲಿ, 140ರಿಂದ 199ರೊಳಗೆ. ಹೋಗಿದೆ ಅಂದವರ ಮಾತೂ ಸುಳ್ಳಾಯಿತು, ಹೋಗುವುದೇ ಇಲ್ಲ ಅಂತ ಹೆದರಿದ್ದ ಉಮ್ಮನ ಮಾತೂ ನಿಜವಾಗಲಿಲ್ಲ. ಬಸುರಿನಲ್ಲಿ ಶುಗರ್ ಬಂದವರಿಗೆ ಮುಂದೆ ಮಧುಮೇಹ ಬರುವ ಸಾಧ್ಯತೆ ಬಾರದವರಿಗಿಂತ ಏಳು ಪಟ್ಟೋ ಅದಕ್ಕೂ ಮೇಲೆಯೋ ಅಂತ ಅಧ್ಯಯನಗಳು ಹೇಳುತ್ತವೆ. ಮುಂದಿನ ಬಸುರಿನಲ್ಲಿ ಮರಳಿ ಬರುವುದು ಸುಮಾರು ಅರ್ಧದಷ್ಟು ಜನರಿಗೆ. ಉಮ್ಮನಿಗೆ ಬೆರಳಿನ ಗಾಯ ಹೇಳಬೇಕಾಗಿ ಬಂದದ್ದನ್ನು ನನಗೆ ಒಂದು ಲೋಟ ಗ್ಲೂಕೋಸ್ ನೀರು ಮೊದಲೇ ಹೇಳಿತು, ನಡುವೆ ಇರುವಾಗಲೇ. ನಡುವಿನಿಂದ ಹಿಂದೆ ಬರಲು ದಾರಿ ಉಂಟು.

ಆ ದಾರಿಯಲ್ಲಿ ಹೊಸದೇನೂ ಇಲ್ಲ. ಅದೇ ನೋಟ್‌ಬುಕ್ಕಿನ ಊಟ. ಬಸುರಿನಲ್ಲಿ ಏರಿದ ತೂಕ ಇಳಿಸುವುದು. ನಡಿಗೆ ಮಾತ್ರ ನಮ್ಮ ಹೆಂಗಸರಿಗೆ ಸುಲಭ ಅಲ್ಲ. ರಸ್ತೆಯಲ್ಲಿ ಸುಮ್ಮನೆ ನಡೆಯುವ ಹೆಂಗಸಿಗೆ ‘ಎಲ್ಲಿಗೆ?’ ಅಂತ ಕೇಳದವರಿಲ್ಲ, ಎಲ್ಲಿಗೂ ಅಲ್ಲ ಅಂದರೆ ಅದು ಉತ್ತರ ಅಲ್ಲ. ನಾನು ತಾರಸಿಯಲ್ಲಿ ನಡೆಯುತ್ತಿದ್ದೆ, ಮಗಳನ್ನು ಹೆಗಲಿಗೆ ಹಾಕಿಕೊಂಡು. ಮಳೆ ನಿಂತ ಮೇಲೆ ಸುಬ್‌ಹ್ ನಮಾಝ್ ಕಳೆದು ಅಡಿಕೆ ತೋಟದ ದಾರಿಯಲ್ಲಿ. ಎರಡು ವಾರ ಒಬ್ಬಳೇ, ಆಮೇಲೆ ನಾದಿನಿ, ಆಮೇಲೆ ಪಕ್ಕದ ಮನೆಯ ಇಬ್ಬರು. ನಾಲ್ಕು ಜನ ಆದ ಮೇಲೆ ಯಾರೂ ಎಲ್ಲಿಗೆ ಅಂತ ಕೇಳಲಿಲ್ಲ. ಮದುವೆಗೆ ಹೋದರೆ ನೈಚೋರು ತಿನ್ನುತ್ತೇನೆ, ಬಿಡುವುದಿಲ್ಲ. ಮಾಂಸ ಮತ್ತು ಸಲಾಡು ಮೊದಲು, ಚೋರು ಕೊನೆಗೆ ಒಂದು ಹಿಡಿ, ಸಿಹಿ ಮಕ್ಕಳಿಗೆ.

ಒಂದು ವರ್ಷದ ಮೇಲೆ, 2024ರ ಜೂನಿನಲ್ಲಿ, ಎರಡು ಗಂಟೆಯದ್ದು 131. ಕಳೆದ ವರ್ಷ 134. ಕಳಾ ಉಪವಾಸವೂ ಮುಗಿದಿದೆ, ಚಳಿಗಾಲದ ಸಣ್ಣ ದಿನಗಳಲ್ಲಿ ವಾರಕ್ಕೆ ಎರಡರ ಹಾಗೆ ಹಿಡಿದೆ. ವರ್ಷಕ್ಕೊಮ್ಮೆ ನೋಡಬೇಕು, ಇನ್ನೊಂದು ಮಗು ಬೇಕು ಅನ್ನಿಸಿದರೆ ಬಸುರಾಗುವ ಮೊದಲೇ ಒಮ್ಮೆ ನೋಡಬೇಕು ಅಂತ ಡಾಕ್ಟರ್ ಹೇಳಿದ್ದಾರೆ. ಆ ತಾರೀಕನ್ನು ನಾನು ಮಗಳ ಚುಚ್ಚುಮದ್ದಿನ ಕಾರ್ಡಿನ ಒಳಪುಟದಲ್ಲಿ ಬರೆದಿದ್ದೇನೆ. ನಮ್ಮ ಮನೆಯಲ್ಲಿ ಯಾರ ಕಾಗದ ಕಳೆದುಹೋದರೂ ಮಗುವಿನ ಕಾರ್ಡು ಕಳೆಯುವುದಿಲ್ಲ.

ನಾದಿನಿಗೆ ಈಗ ಆರನೇ ತಿಂಗಳು. ಮೊದಲ ಪರೀಕ್ಷೆಯಲ್ಲಿ ಅವಳದ್ದು ಸರಿಯಿತ್ತು. ಎರಡನೆಯದಕ್ಕೆ ಮುಂದಿನ ವಾರ ಹೋಗುವುದು. ಮಾಮಿ ನನ್ನ ನೋಟ್‌ಬುಕ್ಕನ್ನು ಕಪಾಟಿನಿಂದ ತೆಗೆದು ಅಡುಗೆಮನೆಯಲ್ಲಿ ಅಕ್ಕಿ ಡಬ್ಬದ ಪಕ್ಕ ಇಟ್ಟಿದ್ದಾರೆ. ಕನ್ನಡ ಓದಲು ಬಾರದ ಅವರು ಪಿಂಡಿಯ ಪುಟ ಯಾವುದು ಅಂತ ಮೊನ್ನೆ ನನ್ನಲ್ಲಿ ಕೇಳಿ, ಅಲ್ಲಿಗೆ ಒಂದು ತೆಂಗಿನ ಗರಿಯ ಕಡ್ಡಿ ಸಿಕ್ಕಿಸಿಕೊಂಡರು.